ಸೀಟಿಗೆ ತಕ್ಕ ಗಂಡ

ಗಗನಯಾತ್ರಿಯ ಹೆಂಡತಿ ಎಂದರೆ ಪುಣ್ಯವಂತೆ ಎಂದುಕೊಂಡವರೆಲ್ಲ ಒಂದು ಸಲ ನಮ್ಮ ಅಡುಗೆಮನೆಗೆ ಬಂದು ಒಲೆಯ ಮುಂದೆ ನಿಲ್ಲಬೇಕು. ಬೇರೆ ಹೆಂಗಸರಿಗೆ ಗಂಡನ ಸಂಬಳ ಕಾಯುವ ಕೆಲಸ, ಇನ್ನು ಕೆಲವರಿಗೆ ಗಂಡನನ್ನೇ ಕಾಯುವ ಕೆಲಸ. ನನ್ನ ಪಾಲಿಗೆ ಬಂದದ್ದು ಗಂಡನ ತೂಕ ಕಾಯುವ ಕೆಲಸ. ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು. ಮದುವೆಗೆ ಮುಂಚೆ ಯಾರೂ ಈ ಮಾತು ಎತ್ತಿರಲಿಲ್ಲ. ಎತ್ತಿದ್ದರೆ ನಾನು ಯಾರಾದರೂ ಗುಮಾಸ್ತನನ್ನು ಕಟ್ಟಿಕೊಂಡು, ಅವನಿಗೆ ಹೊಟ್ಟೆ ಬಂದರೂ ಸೈ, ಹೊಟ್ಟೆ ಬೆನ್ನಿಗೆ ಹತ್ತಿದರೂ ಸೈ ಎಂದು ಹಾಯಾಗಿ ಇರುತ್ತಿದ್ದೆ.

ಇದೆಲ್ಲ ಶುರುವಾದದ್ದು ಒಂದು ಸೀಟಿನಿಂದ. (ದೊಡ್ಡ ದೊಡ್ಡ ಜಗಳಗಳೆಲ್ಲ ಶುರುವಾಗುವುದು ಅಲ್ಲಿಂದಲೇ ತಾನೆ?) ನಮ್ಮವರು ಹೋಗಬೇಕಾದ ನೌಕೆಯಲ್ಲಿ ಬಸ್ಸಿನ ಹಾಗೆ ಯಾರು ಬೇಕಾದರೂ ಕೂರುವ ಸೀಟು ಇರುವುದಿಲ್ಲವಂತೆ. ನೌಕೆ ಮರಳಿ ನೆಲಕ್ಕೆ ಇಳಿಯುವಾಗ (ಅವರು ‘ಇಳಿಯುವುದು’ ಎನ್ನುತ್ತಾರೆ, ನಾನು ವಿಡಿಯೋ ನೋಡಿದ್ದೇನೆ, ಅದು ಬೀಳುವುದೇ) ಬೆನ್ನುಮೂಳೆಗೆ ಬೀಳುವ ಪೆಟ್ಟನ್ನು ಮೈಯೆಲ್ಲ ಸಮನಾಗಿ ಹಂಚಿಕೊಳ್ಳಬೇಕು. ಅದಕ್ಕಾಗಿ ಯಾತ್ರಿಯ ಮೈಯ ಅಚ್ಚು ತೆಗೆದೇ ಸೀಟು ಮಾಡುತ್ತಾರೆ. ಮುರಿದ ಕೈಗೆ ಹಾಕುವಂಥ ಪ್ಲಾಸ್ಟರನ್ನು ತೊಟ್ಟಿಯ ತುಂಬ ಕಲಸಿ, ನಮ್ಮವರಿಗೆ ತೆಳ್ಳನೆಯ ಬನಿಯನ್ನು ತೊಡಿಸಿ, ಮೊಣಕಾಲು ಮಡಚಿಸಿ ಅಂಗಾತ ಮಲಗಿಸಿದರು. ಮೇಲೆ ಹೋದವರ ಬೆನ್ನುಮೂಳೆ ಹಿಗ್ಗಿ ಎತ್ತರ ಒಂದೆರಡು ಬೆರಳು ಹೆಚ್ಚಾಗುತ್ತದೆಂದು ತಲೆಯ ಕಡೆ ಸ್ವಲ್ಪ ಜಾಗ ಬಿಟ್ಟರು. ಹೊಟ್ಟೆಯ ಕಡೆ ಮಾತ್ರ ಕೂದಲೆಳೆಯಷ್ಟೂ ರಿಯಾಯಿತಿ ಇಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ನೌಕೆ ಗಾಳಿಯೊಳಗೆ ನುಗ್ಗುವಾಗ ಸ್ವಲ್ಪ ಓರೆಯಾಗಿ ಬರುತ್ತದೆ. ಆ ಓರೆಯೇ ಅದಕ್ಕೆ ಚುಕ್ಕಾಣಿ. ಒಳಗಿನ ಭಾರ ಲೆಕ್ಕ ತಪ್ಪಿದರೆ ಓರೆಯೂ ತಪ್ಪುತ್ತದೆ, ಇಳಿಯಬೇಕಾದ ಕಡೆ ಬಿಟ್ಟು ಯಾರದೋ ಹಿತ್ತಲಿಗೆ ಇಳಿಯುತ್ತದೆ. ಇದನ್ನೆಲ್ಲ ನನಗೆ ಬಿಡಿಸಿ ಹೇಳಿದವರು ತಕ್ಕಡಿ ಡಾಕ್ಟರು. ಯಾತ್ರಿಗಳ ಆರೋಗ್ಯ ನೋಡಿಕೊಳ್ಳುವ ಹಿರಿಯರು ಅವರು; ತೂಗುವುದೊಂದನ್ನು ಬಿಟ್ಟು ಬೇರೇನನ್ನೂ ಮಾಡಿದ್ದನ್ನು ನಾನು ಕಾಣದ ಕಾರಣ ನಮ್ಮ ಮನೆಯಲ್ಲಿ ಅವರಿಗೆ ಆ ಹೆಸರು.

“ನಿಮ್ಮ ಯಜಮಾನರು ಈಗ ಎಷ್ಟಿದ್ದಾರೋ ಅಷ್ಟೇ ಇರ್ಬೇಕಮ್ಮಾ,” ಎಂದರು ಅವರು. “ಅವರೀಗ ನೌಕೆಯ ಒಂದು ಭಾಗ.”

ಇಷ್ಟು ವರ್ಷ ನನ್ನ ಅರ್ಧಾಂಗ ಎಂದುಕೊಂಡವರು ಆ ಹೊತ್ತಿಗೆ ನೌಕೆಯ ಪೂರ್ಣಾಂಗವಾಗಿದ್ದರು. ಆಯಿತು ಎಂದು ಒಪ್ಪಿಕೊಂಡೆ.

ಆದರೆ ಮೊದಲ ಹಾರಾಟಕ್ಕೆ ಮನುಷ್ಯರನ್ನು ಕಳಿಸುವ ಪದ್ಧತಿ ಇಲ್ಲ. ಹಾಗೆಂದು ಸೀಟನ್ನು ಖಾಲಿ ಬಿಡುವಂತೆಯೂ ಇಲ್ಲ, ಭಾರ ಬೇಕಲ್ಲ. ನಮ್ಮವರ ಅಳತೆಗೆ, ನಮ್ಮವರ ತೂಕಕ್ಕೆ ಸರಿಯಾಗಿ ಒಂದು ಗೊಂಬೆ ಮಾಡಿ, ನಮ್ಮವರ ಸೀಟಿನಲ್ಲಿ ನಮ್ಮವರ ಉಡುಪು ತೊಡಿಸಿ ಕೂರಿಸಿ ಕಳಿಸಿದರು. ಕೆಳಗಿನ ಕಂಟ್ರೋಲ್ ರೂಮಿನಿಂದ ಆಜ್ಞೆ ಹೋಗುತ್ತಿತ್ತು, ನೌಕೆಯ ಕಂಪ್ಯೂಟರು ಪಾಲಿಸುತ್ತಿತ್ತು. ಫಲಕಗಳನ್ನು ಸೂರ್ಯನ ಕಡೆ ತಿರುಗಿಸು ಎಂದರೆ ತಿರುಗಿಸಿತು, ಎಂಜಿನ್ನು ಉರಿಸು ಎಂದರೆ ಉರಿಸಿತು, ಯಾಕೆ ಎಂದು ಕೇಳಲಿಲ್ಲ. ಗೊಂಬೆಯಂತೂ ಇನ್ನೂ ಸಂಭಾವಿತ. ಉಸಿರಾಡಲು ಗಾಳಿ ಕೇಳಲಿಲ್ಲ, ನೀರು ಕೇಳಲಿಲ್ಲ, ಕಕ್ಕಸು ಎಲ್ಲಿ ಎನ್ನಲಿಲ್ಲ. ಹೋದ ಹಾಗೆಯೇ ವಾಪಸು ಬಂತು. ಆಫೀಸಿನವರೆಲ್ಲ ಅದರ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ನಮ್ಮವರ ಹೆಗಲ ಮೇಲೆ ಯಾರೂ ಅಷ್ಟು ಪ್ರೀತಿಯಿಂದ ಕೈ ಹಾಕಿದ್ದನ್ನು ನಾನು ನೋಡಿಲ್ಲ.

ಅದಾದ ಮೇಲೆ ತಕ್ಕಡಿ ಡಾಕ್ಟರ ಧಾಟಿಯೇ ಬದಲಾಯಿತು. ತೂಕ ಎರಡು ಕಿಲೋ ಆಚೀಚೆ ಆದರೂ ಮುಂದಿನ ಸಲವೂ ಗೊಂಬೆಯೇ ಹೋಗುತ್ತದೆ, ಅದಕ್ಕೇನು ಹಸಿವೇ, ಹೆಂಡತಿಯೇ ಎಂದು ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ, ಮೈ ಉರಿಯಿತು. ನಮ್ಮವರು ಈ ಒಂದು ಹಾರಾಟಕ್ಕಾಗಿ ಕಾದು ಕಾದು ತಲೆ ನರೆಸಿಕೊಂಡವರು. ತಿರುಗುವ ಯಂತ್ರದಲ್ಲಿ ಕೂತು ವಾಂತಿ ಮಾಡಿಕೊಂಡವರು, ನೀರಿನೊಳಗೆ ಗಂಟೆಗಟ್ಟಲೆ ಮುಳುಗಿದವರು, ಮಗಳು ನಡೆಯಲು ಕಲಿತದ್ದನ್ನು ಫೋನಿನಲ್ಲಿ ಕೇಳಿದವರು. ಅವರ ಸೀಟನ್ನು ಹತ್ತಿ ತುಂಬಿದ ಒಂದು ಪ್ರಾಣಿಗೆ (ಹತ್ತಿಯಲ್ಲ, ಇನ್ನೇನೋ ದುಬಾರಿ ವಸ್ತು ಎಂದು ನಮ್ಮವರು ತಿದ್ದಿದರು; ಆ ಹೊತ್ತಿನಲ್ಲಿ ತಿದ್ದುವುದೇ?) ಬಿಟ್ಟುಕೊಡುವ ಹೆಂಗಸು ನಾನಲ್ಲ ಎಂದು ಅಡುಗೆಮನೆಯಲ್ಲಿ ಸೌಟು ಹಿಡಿದು ಪ್ರತಿಜ್ಞೆ ಮಾಡಿದೆ.

ಪ್ರತಿಜ್ಞೆ ಮಾಡುವುದು ಸುಲಭ. ಮನೆಯಲ್ಲಿ ಅತ್ತೆ ಇದ್ದರು.

ನಮ್ಮತ್ತೆ ತಮ್ಮ ಮಗನನ್ನು ನೋಡಿದಾಗಲೆಲ್ಲ “ಸೊರಗಿದಾನೆ” ಎನ್ನುವವರು. ಹುಟ್ಟಿದ ದಿನವೂ ಹಾಗೆಯೇ ಅಂದಿದ್ದರಂತೆ. ನನ್ನ ಪದ್ಧತಿ ಅವರಿಗೆ ಮೊದಲ ದಿನದಿಂದಲೇ ಹಿಡಿಸಲಿಲ್ಲ. ಪದ್ಧತಿ ತುಂಬ ಸರಳ: ಬಡಿಸುವ ಕೈಯೂ ನನ್ನದೇ, ತಡೆಯುವ ಕೈಯೂ ನನ್ನದೇ. ನಮ್ಮವರು ಎರಡನೆಯ ಸಲ ಪಾತ್ರೆಯ ಕಡೆ ನೋಡಿದರೆ ನಾನು ತಟ್ಟೆಗೆ ಅಡ್ಡ ಅಂಗೈ ಹಿಡಿದು “ಸಾಕು ರೀ” ಎನ್ನುತ್ತಿದ್ದೆ. ಅವರು ತೆಪ್ಪಗೆ ಏಳುತ್ತಿದ್ದರು. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನ ಓಡಿಸಿದ ಮನುಷ್ಯ ನನ್ನ ಅಂಗೈ ದಾಟಿದವರಲ್ಲ. ಅತ್ತೆ ಎದುರಿಗೆ ಕೂತು ನಿಟ್ಟುಸಿರು ಬಿಡುತ್ತಿದ್ದರು. ಒಂದು ದಿನ ಮಾತ್ರ ತಡೆಯಲಾರದೆ ಬಾಯಿ ಬಿಟ್ಟರು.

“ನೀನು ಸಾಕು ಅನ್ನೋಳು, ನಾನು ಸಾಕಿದೋಳು. ಇಬ್ಬರಿಗೂ ಅಷ್ಟೇ ವ್ಯತ್ಯಾಸ.”

ಆಮೇಲೆ ಅವರು ಆ ವಿಷಯ ಎತ್ತಲೇ ಇಲ್ಲ. ನಾನು ಗೆದ್ದೆ ಎಂದುಕೊಂಡೆ. ಗೆದ್ದೆ ಎನ್ನುವುದಕ್ಕೆ ಸಾಕ್ಷಿಯೂ ಇತ್ತು. ನಮ್ಮವರ ಜೊತೆ ಹೋಗಬೇಕಾದ ಉಳಿದ ಇಬ್ಬರು ಯಾತ್ರಿಗಳನ್ನು ತೂಗುವುದು ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ ಆಗಿತ್ತಂತೆ, ಈ ವಾರ ಒಬ್ಬ ಮೇಲೆ ನೆಗೆದರೆ ಮುಂದಿನ ವಾರ ಇನ್ನೊಬ್ಬ. ನಮ್ಮವರು ಮಾತ್ರ ಬಂಡೆ. ಮುಳ್ಳು ಅತ್ತ ಕದಲಲಿಲ್ಲ, ಇತ್ತ ಕದಲಲಿಲ್ಲ. ತಮ್ಮ ಜೀವಮಾನದಲ್ಲೇ ಇಂಥ ತೂಕ ಕಂಡಿಲ್ಲ ಎಂದು ತಕ್ಕಡಿ ಡಾಕ್ಟರು ಫೋನ್ ಮಾಡಿ ಹೇಳಿದರು. ಇದರ ಗುಟ್ಟೇನು, ಉಳಿದ ಯಾತ್ರಿಗಳ ಮನೆಯವರಿಗೂ ಸ್ವಲ್ಪ ತಿಳಿಸಿ ಎಂದು ಆಫೀಸಿನ ಸಭಾಂಗಣದಲ್ಲಿ ನನ್ನದೊಂದು ಭಾಷಣ ಇಟ್ಟರು.

ಹೊಗಳಿಕೆಗೆ ಮಣಿಯದವರು ಯಾರಿದ್ದಾರೆ? ನಾನು ಹೊಸ ಸೀರೆ ಉಟ್ಟು, ಅತ್ತೆಯನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದೆ. ಸೊಸೆಯ ಪ್ರತಾಪ ನೋಡಲಿ ಎಂದು. ಮೈಕಿನ ಮುಂದೆ ನಿಂತಾಗ ನನ್ನ ನಾಲಗೆಗೆ ಗುರುತ್ವಾಕರ್ಷಣೆ ತಪ್ಪಿಹೋಯಿತು. ಗೃಹಿಣಿಯ ಸಂಯಮ, ಕಣ್ಣಳತೆ, ಉಕ್ಕಿನ ಮುಷ್ಟಿ ಎಂದೆಲ್ಲ ಹೇಳಿ, ಚಪ್ಪಾಳೆ ಬಿದ್ದ ಹುರುಪಿನಲ್ಲಿ, “ಯಾತ್ರಿಯ ದೊಡ್ಡ ಶತ್ರು ನಿರ್ವಾತವಲ್ಲ, ವಿಕಿರಣವೂ ಅಲ್ಲ, ಮನೆಯ ಹಿರಿಯರ ಮಮತೆ” ಎಂದುಬಿಟ್ಟೆ. ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ಒಬ್ಬರು ನಗಲಿಲ್ಲ.

ಮನೆಗೆ ಬಂದವರೇ ಅತ್ತೆ ಬಟ್ಟೆಬರೆ ಚೀಲಕ್ಕೆ ತುಂಬಿದರು. ಶತ್ರುವನ್ನು ಮನೆಯಲ್ಲಿ ಇಟ್ಟುಕೊಂಡು ನೀನಾದರೂ ಹೇಗೆ ನೆಮ್ಮದಿಯಿಂದ ಇರುತ್ತೀಯ, ನಿನ್ನ ತಕ್ಕಡಿ ನಿನಗೇ ಇರಲಿ ಎಂದು ಹೇಳಿ, ಊರಿನ ಆ ಕೊನೆಯಲ್ಲಿದ್ದ ಮಗಳ ಮನೆಗೆ, ಅಂದರೆ ನನ್ನ ನಾದಿನಿಯ ಮನೆಗೆ ಹೊರಟೇಹೋದರು. ನಾನು ತಡೆಯಲಿಲ್ಲ. ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಕ್ಷಮೆ ಕೇಳುವ ಪ್ರಶ್ನೆಯೇ ಇಲ್ಲ ಎಂದು ಬಾಗಿಲು ಹಾಕಿಕೊಂಡೆ.

ಮುಂದಿನ ತೂಕದ ದಿನ ಬಂಡೆ ಸ್ವಲ್ಪ ಕರಗಿತ್ತು. ಅದರ ಮುಂದಿನ ಸಲ ಇನ್ನಷ್ಟು. ತಕ್ಕಡಿ ಡಾಕ್ಟರು ಫೋನಿನಲ್ಲಿ ಈಗ ನಗುತ್ತಿರಲಿಲ್ಲ. ಹೀಗೇ ಹೋದರೆ ಸೀಟಿನಲ್ಲಿ ಇವರು ಡಬ್ಬಿಯೊಳಗಿನ ಒಂಟಿ ಕಡಲೆಕಾಯಿಯ ಹಾಗೆ ಗಲಗಲ ಅಲ್ಲಾಡುತ್ತಾರೆ, ಗೊಂಬೆಯ ಧೂಳು ಒರೆಸಲು ಹೇಳಿದ್ದೇನೆ ಎಂದರು. ಸರಿ, ಹೆಚ್ಚು ಬಡಿಸಿದರಾಯಿತು ಎಂದು ಅಂದು ತಟ್ಟೆಯಲ್ಲಿ ಗುಡ್ಡವನ್ನೇ ಕಟ್ಟಿ ಮುಂದಿಟ್ಟೆ. ನಮ್ಮವರು ತಟ್ಟೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ತಟ್ಟೆ ನೋಡಿದರು.

“ಪರೀಕ್ಷೆನಾ?”

“ಯಾವ ಪರೀಕ್ಷೆನೂ ಇಲ್ಲ. ಹಸಿವಾದಷ್ಟು ತಿನ್ನಿ.”

“ಹಸಿವಾದಷ್ಟು ಅಂದ್ರೆ ಎಷ್ಟು?”

ತಮಾಷೆಗೆ ಕೇಳಿದ್ದಲ್ಲ. ಯಾವ ಎತ್ತರದಲ್ಲಿ ಎಂಜಿನ್ನನ್ನು ಎಷ್ಟು ಹೊತ್ತು ಉರಿಸಬೇಕೆಂದು ಕಣ್ಣು ಮುಚ್ಚಿ ಹೇಳಬಲ್ಲ ಮನುಷ್ಯನಿಗೆ ತನ್ನ ಹೊಟ್ಟೆಯ ಉದ್ದಗಲ ಗೊತ್ತಿರಲಿಲ್ಲ. ನಾನು ತಿನ್ನಿ ತಿನ್ನಿ ಎಂದಷ್ಟೂ ಅವರ ಅನುಮಾನ ಹೆಚ್ಚಾಯಿತು. ಈಗ ಪೂರ್ತಿ ತಿಂದರೆ ನಾಳೆ ಅದಕ್ಕೆ ಸರಿಯಾಗಿ ಕಡಿಮೆ ಮಾಡುತ್ತೀಯ, ನನಗೆ ಗೊತ್ತು ಎಂದು ಅರ್ಧ ಬಿಟ್ಟು ಎದ್ದರು. ಕೈ ತೊಳೆಯುವಾಗ ಅಭ್ಯಾಸ ಬಲದಿಂದ ಅತ್ತೆಯ ಕೋಣೆಯ ಕಡೆ ಎರಡು ಹೆಜ್ಜೆ ಹಾಕಿ, ಬಾಗಿಲಿಗೆ ಬೀಗ ಕಂಡು ಪೆಚ್ಚಾಗಿ ನಿಂತರು. ಆ ನಿಂತ ಭಂಗಿ ನೋಡಿಯೇ ನನಗೆ ಏನೋ ಹೊಳೆದದ್ದು. ಅಡ್ಡ ನಿಂತು ಕೇಳಿದೆ. ಬಾಯಿ ಬಿಟ್ಟರು.

ಪ್ರತಿ ಸಂಜೆ ನಾನು ಬಡಿಸಿದ ಊಟ ಮುಗಿಸಿದ ಮೇಲೆ ಇವರು “ಅಮ್ಮನ ಕಾಲಿಗೆ ಎಣ್ಣೆ ತಿಕ್ಕಿ ಬರ್ತೀನಿ” ಎಂದು ಹೋಗುತ್ತಿದ್ದದ್ದು ನಿಜ. ಇಂಥ ಮಾತೃಭಕ್ತಿ ಯಾವ ಮನೆಯಲ್ಲಿದೆ ಎಂದು ನಾನು ಬೀದಿಯವರ ಮುಂದೆಲ್ಲ ಕೊಚ್ಚಿಕೊಂಡದ್ದೂ ನಿಜ. ಒಳಗೆ ನಡೆಯುತ್ತಿದ್ದದ್ದು ಬೇರೆ. ಅತ್ತೆಯ ಮಂಚದ ಕೆಳಗೆ ಡಬ್ಬಿಗಳ ಒಂದು ಸಾಲು. ಬೆಣ್ಣೆ ಹಚ್ಚಿದ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹುರಿದ ಗೋಡಂಬಿ, ಬಾಳೆಹಣ್ಣು. ಕಾಲಿಗೆ ಎಣ್ಣೆ ಹಚ್ಚಬೇಕಾದ ಕೈ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿತ್ತು. ಮೇಜಿನ ಮೇಲೆ ನಾನು ಎಷ್ಟು ತಡೆದೆನೋ, ಮಂಚದ ಕೆಳಗಿನಿಂದ ಅಷ್ಟೇ ಇಳಿಯುತ್ತಿತ್ತು. ಜಗತ್ತು ಬೆರಗಾಗಿ ನೋಡಿದ ಆ ನಿಶ್ಚಲ ತೂಕ ನನ್ನ ಉಕ್ಕಿನ ಮುಷ್ಟಿಯದಲ್ಲ, ಅತ್ತೆ ಸೊಸೆಯರು ಎರಡು ಕಡೆಯಿಂದ ಸಮನಾಗಿ ಜಗ್ಗಿದ ಹಗ್ಗದ್ದು.

“ಇಷ್ಟು ದಿನ ನನಗೆ ಯಾಕೆ ಹೇಳ್ಲಿಲ್ಲ?”

“ನೀನು ಕೇಳ್ಲಿಲ್ಲ,” ಎಂದರು.

ಗಂಡಸರ ಸತ್ಯಸಂಧತೆ ಯಾವಾಗಲೂ ಹೀಗೆಯೇ, ಕೇಳಿದ ಮೇಲೆ ಬರುವಂಥದು.

ಎರಡು ದಿನ ಹಠ ಹಿಡಿದು ಕೂತೆ. ಅತ್ತೆ ಮಾಡಿದ್ದನ್ನು ನಾನೇ ಮಾಡಿದರಾಯಿತು ಎಂದು ಮಂಚದ ಕೆಳಗೆ ಡಬ್ಬಿಗಳನ್ನಿಟ್ಟು, ಮೇಜಿನ ಮೇಲೆ “ಸಾಕು” ಎಂದವಳೇ ಕೋಣೆಗೆ ಓಡಿಹೋಗಿ “ಬನ್ನಿ, ತಿನ್ನಿ” ಎಂದೆ. ನಮ್ಮವರು ಬಾಗಿಲಲ್ಲೇ ನಿಂತು, ನಿನಗೆ ಮೈಗೆ ಹುಷಾರಿದೆಯೇ ಎಂದು ಹಣೆ ಮುಟ್ಟಿ ನೋಡಿದರು. ಬೇರೆ ದಾರಿ ಉಳಿಯಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ನಾದಿನಿಯ ಮನೆಯ ಬಾಗಿಲು ತಟ್ಟಿದೆ.

ಅತ್ತೆ ಕಿಟಕಿಯ ಪಕ್ಕ ಬಟಾಣಿ ಬಿಡಿಸುತ್ತ ಕೂತಿದ್ದರು. ತಲೆ ಎತ್ತದೆ, ತಕ್ಕಡಿ ಏನು ಹೇಳಿತು ಎಂದು ಕೇಳಿದರು. ಹೇಳಿದೆ. ಭಾಷಣದಲ್ಲಿ ಅಂದ ಮಾತು ಸುಳ್ಳು ಎಂದು ಒಪ್ಪಿಕೊಳ್ಳುತ್ತೀಯಾ ಎಂದು ಕೇಳಿದರು. ಅರ್ಧ ಸುಳ್ಳು ಎಂದೆ. ನನ್ನ ಕೈಯಲ್ಲಿ ಆಗುವುದು ಅಷ್ಟೇ, ಏನು ಮಾಡಲಿ? ಅತ್ತೆ ಕೈಯಲ್ಲಿದ್ದ ಕಾಯಿ ಬಿಡಿಸಿ ಕಾಳನ್ನು ಬುಟ್ಟಿಗೆ ಹಾಕಿದರು.

“ಉಳಿದರ್ಧ ನಿಜಾನೇ,” ಎಂದರು. “ಮೊದಮೊದಲು ನಾನು ತಿನ್ನಿಸಿದ್ದು ಅವನು ಆ ಸೀಟಿಗೆ ಹಿಡಿಸದೆ ಹೋಗ್ಲಿ ಅಂತಲೇ. ಹೆತ್ತ ಹೊಟ್ಟೆ ಕಣೇ ಇದು. ಮಗನ್ನ ಆಕಾಶಕ್ಕೆ ಕಳಿಸಿ ನೆಮ್ಮದಿಯಾಗಿ ಮಲಕ್ಕೋ ಅಂದ್ರೆ ಹೇಗೆ ಮಲಕ್ಕೊಳ್ಲಿ?”

“ಮತ್ತೆ ಈಗ?”

“ಈಗ ಆ ಬೊಂಬೆ ನೋಡ್ದೆನಲ್ಲ. ನನ್ನ ಮಗನ ಉಡುಪು ಹಾಕ್ಕೊಂಡು ಪೇಪರ್‌ನಲ್ಲಿ ಠೀವಿಯಾಗಿ ಕೂತಿತ್ತು. ಅವನು ಚಿಕ್ಕಂದಿನಿಂದ ಮಹಡಿ ಮೇಲೆ ನಿಂತು ಕತ್ತು ನೋಯೋ ತನಕ ಮೇಲೆ ನೋಡಿದ್ದು ಒಂದು ಬೊಂಬೆಗೆ ಜಾಗ ಬಿಟ್ಟುಕೊಡೋಕಾ? ಹೋಗ್ಲಿ ಅವನು. ಭಯ ನನಗಿರ್ಲಿ.”

ಆ ಮಾತು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದಲ್ಲಿ ನಾವಿಬ್ಬರೂ ಒಂದೇ ವಿಷಯಕ್ಕೆ ಸಿಟ್ಟಾದದ್ದು ಅದೇ ಮೊದಲು. ಬಟಾಣಿ ಬುಟ್ಟಿ ಪಕ್ಕಕ್ಕಿಟ್ಟು ಅತ್ತೆ ಒಂದೇ ಒಂದು ಕರಾರು ಹಾಕಿದರು. ನಾನು ಬದಲಾಗಕೂಡದು. ನಾನು ಮೇಜಿನ ಮೇಲೆ ಮುಂಚಿನ ಹಾಗೆಯೇ ನಿರ್ದಯಳಾಗಿ ತಡೆಯಬೇಕು. ನೀನು ತಡೆದರೆ ಮಾತ್ರ ಅವನು ನನ್ನ ಕೋಣೆಗೆ ಬರುವುದು, ನೀನು ಒಳ್ಳೆಯವಳಾದರೆ ನನ್ನ ಹತ್ತಿರ ಯಾಕೆ ಬರುತ್ತಾನೆ ಎಂದರು. ಒಪ್ಪಿದೆ. ಮನೆಯ ಶಾಂತಿಗಾಗಿ ಜಗಳವಾಡುವುದಾಗಿ ಒಪ್ಪಂದ ಮಾಡಿಕೊಂಡ ಅತ್ತೆ ಸೊಸೆಯರು ನಾವೇ ಇರಬೇಕು.

ಬಂಡೆ ಮತ್ತೆ ಗಟ್ಟಿಯಾಯಿತು. ಹಾರಾಟಕ್ಕೆ ಮುಂಚೆ ಯಾತ್ರಿಗಳಿಗೆ ನೆಗಡಿ ಕೆಮ್ಮು ತಗಲಬಾರದೆಂದು ಬೇರೆ ಕಟ್ಟಡದಲ್ಲಿ ಇರಿಸಿದಾಗಲೂ ನಾವು ಬಿಡಲಿಲ್ಲ. ನನ್ನ ಡಬ್ಬಿ ಮುಂಬಾಗಿಲಿನಿಂದ ಹೋಯಿತು, ಅತ್ತೆಯ ಡಬ್ಬಿ ಹಿಂಬಾಗಿಲಿನಿಂದ. ಕೊನೆಯ ಸಲ ಸೀಟಿನಲ್ಲಿ ಕೂರಿಸಿ ನೋಡಿದಾಗ ನಮ್ಮವರ ಮೈಗೂ ಅಚ್ಚಿಗೂ ನಡುವೆ ಕಾಗದದ ಹಾಳೆಯೂ ತೂರಲಿಲ್ಲವಂತೆ. ಗೊಂಬೆಯನ್ನು ಉಗ್ರಾಣಕ್ಕೆ ಸಾಗಿಸಿದರು. ಹೊರಟ ದಿನ, ನೆಲ ನಡುಗಿ ಆ ಬೆಂಕಿಯ ಕಂಬ ಮೇಲೆದ್ದಾಗ ಅತ್ತೆ ನನ್ನ ಕೈ ಹಿಡಿದರು. ಇಬ್ಬರೂ ಅತ್ತೆವು. ಹೆಮ್ಮೆಗೋ ಹೆದರಿಕೆಗೋ ಯಾರಿಗೆ ಗೊತ್ತು. ನಾನಂತೂ ಎರಡಕ್ಕೂ ಅತ್ತೆ.

ಇಲ್ಲಿಗೆ ಕಥೆ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಕೆಲವು ದಿನ ಕಳೆದಿರಬೇಕು, ತಕ್ಕಡಿ ಡಾಕ್ಟರು ಕಾರು ಕಳಿಸಿ ಇಬ್ಬರನ್ನೂ ಕಂಟ್ರೋಲ್ ರೂಮಿಗೆ ಕರೆಸಿದರು. ಅವರ ಮುಖ ಸಣ್ಣಗಾಗಿತ್ತು. ಮೇಲೆ ತೂಕವೇ ಇಲ್ಲದ ಕಡೆಯೂ ತೂಗುವ ಉಪಾಯ ಅವರ ಹತ್ತಿರ ಇತ್ತು: ಸ್ಪ್ರಿಂಗು ಹಾಕಿದ ಕುರ್ಚಿಯಲ್ಲಿ ಯಾತ್ರಿಯನ್ನು ಕಟ್ಟಿ ಅಲ್ಲಾಡಿಸಿ, ಎಷ್ಟು ನಿಧಾನಕ್ಕೆ ಅಲ್ಲಾಡುತ್ತಾನೋ ಅಷ್ಟು ಭಾರ ಎಂದು ಲೆಕ್ಕ ಹಾಕುವುದು. ಆ ಲೆಕ್ಕದಲ್ಲಿ ನಮ್ಮವರು ಇಳಿದುಹೋಗಿದ್ದರು. ಮೇಲೆ ಮೈಯ ನೀರೆಲ್ಲ ತಲೆಗೇರಿ ಮೂಗು ಕಟ್ಟಿ ಊಟದ ರುಚಿ ಹತ್ತುವುದಿಲ್ಲವಂತೆ. ಆದರೂ ಉಳಿದಿಬ್ಬರು ಹೇಗೋ ತಿನ್ನುತ್ತಿದ್ದರು. ನಮ್ಮವರು ಒಂದು ದಿನ ಏನೂ ಮುಟ್ಟುವುದಿಲ್ಲ, ಮಾರನೆಯ ದಿನ ಪಕ್ಕದವರ ಪಾಲನ್ನೂ ಮುಗಿಸುತ್ತಾರೆ. ಯಾಕೆ ಎಂದು ಕೇಳಿದರೆ, ಎಲ್ಲಿ ಶುರು ಮಾಡಬೇಕು ಎಲ್ಲಿ ನಿಲ್ಲಿಸಬೇಕು ತಿಳಿಯುತ್ತಿಲ್ಲ ಎಂದರಂತೆ. ಹೋಗುವಾಗ ಸೀಟಿಗೆ ಹಿಡಿಸಿದರೆ ಸಾಲದಮ್ಮಾ, ಬರುವಾಗಲೂ ಹಿಡಿಸಬೇಕು, ಪೆಟ್ಟು ಬೀಳುವುದು ಆಗಲೇ ಎಂದರು ಡಾಕ್ಟರು.

ಕಂಟ್ರೋಲ್ ರೂಮಿನಲ್ಲಿ ಒಂದು ನಿಯಮ ಇದೆ. ನೂರು ಜನ ಕೂತು ಕೆಲಸ ಮಾಡಿದರೂ ನೌಕೆಯಲ್ಲಿರುವವರ ಜೊತೆ ಮಾತಾಡುವವನು ಒಬ್ಬನೇ. ಎಲ್ಲರೂ ಬಾಯಿ ಹಾಕಿದರೆ ಯಾತ್ರಿ ದಿಕ್ಕೆಡುತ್ತಾನೆ ಎಂದು ಹಾಗೆ. (ಈ ನಿಯಮವನ್ನು ಯಾರೋ ಅವಿಭಕ್ತ ಕುಟುಂಬದವರೇ ಮಾಡಿರಬೇಕು.) ಆ ಮಾತಿನ ಅಧಿಕಾರಿ ಒಲ್ಲದ ಮನಸ್ಸಿನಿಂದ ತನ್ನ ಹೆಡ್‌ಸೆಟ್ ತೆಗೆದು ಅತ್ತೆಯ ಕಿವಿಗೆ ಸಿಕ್ಕಿಸಿದ. ನೌಕೆ ನಮ್ಮ ಕಡೆಯ ಆಂಟೆನಾಗಳ ಮೇಲೆ ಹಾದುಹೋಗುವ ಸ್ವಲ್ಪ ಹೊತ್ತು ಮಾತ್ರ ಮಾತು, ಬೇಗ ಮುಗಿಸಿ ಎಂದ. ಅತ್ತೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

“ಊಟ ಆಯ್ತೇನೋ, ಮಗೂ?”

ಮೇಲಿನಿಂದ ಗೊಗ್ಗರು ದನಿಯಲ್ಲಿ “ಆಯ್ತಮ್ಮ” ಎಂದು ಬಂತು. ಸುಳ್ಳು ಹೇಳಬೇಡ, ಹಸಿದ ದನಿ ನನಗೆ ಗೊತ್ತಾಗುತ್ತದೆ ಎಂದರು ಅತ್ತೆ. ಆಮೇಲೆ ಶುರುಮಾಡಿದರು. ಒಂದು ತುತ್ತು ನನಗೋಸ್ಕರ, ಒಂದು ತುತ್ತು ನಿನ್ನ ಮಗಳಿಗೋಸ್ಕರ. ಚಿಕ್ಕವನಿದ್ದಾಗ ಊಟ ಬಿಟ್ಟು ಮಹಡಿಯಲ್ಲಿ ಅಡಗಿ ಕೂತು ತಲೆ ಸುತ್ತಿ ಬಿದ್ದದ್ದು ಮರೆತೆಯಾ. ಅದೋ ಕಿಟಕಿಯಲ್ಲಿ ಸಮುದ್ರ ಕಾಣಿಸುತ್ತಿದೆ ಎಂದೆಯಲ್ಲ, ಅದು ದಾಟುವುದರೊಳಗೆ ಆ ಪೊಟ್ಟಣ ಖಾಲಿಯಾಗಬೇಕು. ಪರದೆಯ ಮೇಲೆ ನಮ್ಮವರು ತೇಲುತ್ತ, ಗಾಳಿಯಲ್ಲಿ ನಿಂತ ಗುಟುಕನ್ನು ಬಾಯಲ್ಲಿ ಹಿಡಿದು ಹಿಡಿದು ತಿಂದರು. ಪೊಟ್ಟಣ ಮುಗಿದು ಅವರ ಕೈ ಇನ್ನೊಬ್ಬರ ಪಾಲಿನ ಕಡೆ ಹೋದಾಗ ನಾನು ಹೆಡ್‌ಸೆಟ್ ಕಸಿದುಕೊಂಡು “ಸಾಕು ರೀ” ಎಂದೆ. ಕೈ ಅಲ್ಲೇ ನಿಂತಿತು. ರೂಮಿನ ತುಂಬ ಚಪ್ಪಾಳೆ. ಸಭಾಂಗಣದ ಚಪ್ಪಾಳೆಗಿಂತ ಜೋರಾಗಿಯೇ ಇತ್ತು.

ಮರುದಿನವೂ ಹಾಗೆಯೇ, ಅದರ ಮರುದಿನವೂ. ಸ್ಪ್ರಿಂಗು ಕುರ್ಚಿ ಸರಿಯಾಗಿ ಅಲ್ಲಾಡತೊಡಗಿತು. ನಾನು ಪ್ರತಿ ಸಲ ಬೇರೆ ಸೀರೆ ಉಟ್ಟು ಹೋಗುತ್ತಿದ್ದೆ. ನಾಲ್ಕಾರು ಊಟಗಳಾದ ಮೇಲೆ ತಕ್ಕಡಿ ಡಾಕ್ಟರೂ ಮಾತಿನ ಅಧಿಕಾರಿಯೂ ನನ್ನನ್ನು ಪಕ್ಕಕ್ಕೆ ಕರೆದು, ಬಹಳ ಮರ್ಯಾದೆಯಿಂದ ಕುರ್ಚಿ ಹಾಕಿ ಕೂರಿಸಿದರು. ಅಷ್ಟು ಮರ್ಯಾದೆ ಕಂಡಾಗಲೇ ನನಗೆ ಅನುಮಾನ ಬಂತು.

ವಿಷಯ ಏನೆಂದರೆ, ಅತ್ತೆಯ ಮಾತು ಪ್ರತಿ ಊಟಕ್ಕೂ ಬೇರೆ. ಯಾತ್ರಿಯ ದನಿ ಕೇಳಿ, ಆ ದಿನದ ಮನಸ್ಸು ನೋಡಿ, ಆಗಲೇ ಹುಟ್ಟುವ ಮಾತು ಅದು. ಅದಕ್ಕೆ ಮನುಷ್ಯರೇ ಬೇಕು, ಯಾವ ಯಂತ್ರದಿಂದಲೂ ಆಗುವುದಿಲ್ಲ. “ನಿಮ್ಮದು ಹಾಗಲ್ಲಮ್ಮಾ,” ಎಂದರು ಡಾಕ್ಟರು ತೀರಾ ಮೆತ್ತಗೆ. “ನಿಮ್ಮದನ್ನ ರೆಕಾರ್ಡ್ ಮಾಡಿ ನೌಕೆಯ ಕಂಪ್ಯೂಟರಿಗೆ ಹಾಕಿದ್ದೀವಿ. ಆಂಟೆನಾ ಸಿಗದ ಹೊತ್ತಲ್ಲೂ ಅದು ತಾನೇ ಹೇಳುತ್ತೆ.”

ನಾನು ಎದ್ದು ನಿಂತೆ. ನನ್ನ “ಸಾಕು” ಎಂದೂ ಒಂದೇ ಥರ ಇರುವುದಿಲ್ಲ, ಅದರಲ್ಲಿ ಪ್ರೀತಿಯದು ಬೇರೆ, ಎಚ್ಚರಿಕೆಯದು ಬೇರೆ, ಹುಸಿ ಮುನಿಸಿನದು ಬೇರೆ ಎಂದು ಅಲ್ಲಿಯೇ ಹೇಳಿ ತೋರಿಸಿದೆ. ಮಾತಿನ ಅಧಿಕಾರಿ ಅವೆಲ್ಲವನ್ನೂ ಯಂತ್ರಕ್ಕೆ ಹಾಕಿ ಗೆರೆಗಳಾಗಿ ಪರದೆಯ ಮೇಲೆ ತೋರಿಸಿದ. ಗೆರೆಗಳು ಒಂದರ ಮೇಲೊಂದು ಸರಿಯಾಗಿ ಕೂತವು. ನೋಡಿದವರು ಒಂದೇ ಗೆರೆ ಎನ್ನಬೇಕು.

“ನಿಮ್ಮ ಯಂತ್ರಕ್ಕೆ ಗೊತ್ತಾಗದೆ ಇರಬಹುದು,” ಎಂದೆ. “ಅವರಿಗೆ ಗೊತ್ತಾಗುತ್ತೆ. ಇಷ್ಟು ವರ್ಷ ಸಂಸಾರ ಮಾಡಿದ್ದಾರೆ. ಈಗಲೇ ಹಾಕಿ, ನೋಡೋಣ.”

ಹಾಕಿದರು. ನಾನು ಕೈ ಕಟ್ಟಿ, ತುಟಿ ಬಿಗಿದು ಎಲ್ಲರಿಗೂ ಕಾಣುವ ಹಾಗೆ ನಡುವೆ ನಿಂತೆ. ಮೇಲೆ ನಮ್ಮವರು ಎರಡನೆಯ ಪೊಟ್ಟಣ ಹರಿಯುತ್ತಿದ್ದರು. ಯಂತ್ರ ನನ್ನ ದನಿಯಲ್ಲಿ “ಸಾಕು ರೀ” ಎಂದಿತು. ನಮ್ಮವರು ಬೆಚ್ಚಿ ಪೊಟ್ಟಣವನ್ನು ಬಿಟ್ಟುಬಿಟ್ಟರು; ಅದು ತೇಲುತ್ತ ಹೋಯಿತು.

“ಆಯ್ತು ಕಣೇ, ನಿಲ್ಲಿಸಿದೆ,” ಎಂದರು ನಮ್ಮವರು. “ಇವತ್ತು ಯಾಕೋ ನಿನ್ನ ದನಿ ತುಂಬ ಮೆತ್ತಗಿದೆ. ಹೀಗೇ ಮಾತಾಡು, ಕೇಳೋಕೆ ಚೆನ್ನಾಗಿರುತ್ತೆ.”

ಯಾರೂ ನಗಲಿಲ್ಲ. ನಕ್ಕಿದ್ದರೆ ನಾನು ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅತ್ತೆ ಹೆಡ್‌ಸೆಟ್ ಸರಿಮಾಡಿಕೊಂಡು, ನೀನು ಮನೆಗೆ ಹೋಗಿ ಸ್ವಲ್ಪ ಮಲಗಮ್ಮ, ಇಲ್ಲಿಯದನ್ನು ನಾವು ನೋಡಿಕೊಳ್ಳುತ್ತೇವೆ ಎಂದರು. ‘ನಾವು’ ಎಂದರೆ ಅವರು ಮತ್ತು ನನ್ನ ರೆಕಾರ್ಡು.

ಈಗ ಅತ್ತೆಗೆ ದಿನಾ ಆಫೀಸಿನ ಕಾರು ಬರುತ್ತದೆ. ನಾನು ಮನೆಯಲ್ಲಿದ್ದೇನೆ. ಸೋತೆ ಎಂದು ಯಾರೂ ತಿಳಿಯಬೇಡಿ. ಇನ್ನು ಸ್ವಲ್ಪ ದಿನಕ್ಕೆ ನಮ್ಮವರು ಇಳಿಯುತ್ತಾರೆ, ಸೀಟಿನಿಂದ ಎದ್ದು ನೆಟ್ಟಗೆ ನನ್ನ ಮೇಜಿಗೇ ಬರುತ್ತಾರೆ. ಬರಲಿ. ನಾನು ಬಡಿಸುತ್ತೇನೆ. ಬಡಿಸುತ್ತಲೇ ಇರುತ್ತೇನೆ. ಅವರು ಕಣ್ಣು ಕಣ್ಣು ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತ ಕೂರಬೇಕು. ನನ್ನ ಬಾಯಿಂದ ಇನ್ನು ಆ ಒಂದು ಮಾತು ಹೊರಡುವುದಿಲ್ಲ. ಬೇಕಾದರೆ ಆಫೀಸಿಗೆ ಫೋನ್ ಮಾಡಿ, ಮೆತ್ತಗೆ ಮಾತಾಡುವ ಹೆಂಡತಿಯನ್ನು ಕಾರಿನಲ್ಲಿ ಕರೆಸಿಕೊಳ್ಳಲಿ.